2008ರ ನವೆಂಬರ್ 5ರ ಬೆಳಿಗ್ಗೆ, ಒಬಾಮ ಗೆದ್ದಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದಲ್ಲಿ ಚುನಾವಣೆ ಬಂದಾಗಲೆಲ್ಲ ನಮ್ಮ ಮನೆಯಲ್ಲಿ ಒಬ್ಬರಲ್ಲ ಒಬ್ಬರು 2008ರ ಮಾತು ತೆಗೆಯುತ್ತಾರೆ. ಆಗ ನಾನು ಬೆಂಗಳೂರಿನಲ್ಲಿ ರಾತ್ರಿ ಪಾಳಿ ಮಾಡುತ್ತಿದ್ದೆ. ಅಮೆರಿಕದವರ ಪ್ರಿಂಟರ್ ಕೆಟ್ಟರೆ ಇಲ್ಲಿಂದ ಫೋನಿನಲ್ಲೇ ರಿಪೇರಿ ಹೇಳಿಕೊಡುವ ಕೆಲಸ. ಹಾಗಾಗಿ ಆ ದೇಶದ ವಿಷಯ ನನಗೆ ಗೊತ್ತಿರುತ್ತದೆ ಅಂತ ಎಲ್ಲರಿಗೂ ಒಂದು ನಂಬಿಕೆ. ನಾನು ಆ ದೇಶಕ್ಕೆ ಇವತ್ತಿಗೂ ಹೋಗಿಲ್ಲ. ಆದರೂ ಕೇಳುತ್ತಾರೆ. ಕೇಳುವವರಲ್ಲಿ ಈಗ ಕಾಲೇಜು ಓದುವ ಹುಡುಗರೇ ಜಾಸ್ತಿ. ಅವರು ಆಗ ಅಂಗನವಾಡಿಯಲ್ಲಿದ್ದರು. ಉತ್ತರ ಹೇಳಿ ಹೇಳಿ ಸಾಕಾಗಿ, ಒಂದು ಕಡೆ ಬರೆದಿಟ್ಟಿದ್ದೇನೆ.

ಅವತ್ತು ಆಗಿದ್ದೇನು? ಚಿಕ್ಕದಾಗಿ ಹೇಳಿ.

2008ರ ನವೆಂಬರ್ 4ರಂದು ಅಮೆರಿಕದ ಜನ ಡೆಮಾಕ್ರಟ್ ಪಕ್ಷದ ಬರಾಕ್ ಒಬಾಮ ಅವರನ್ನು ಅಧ್ಯಕ್ಷರನ್ನಾಗಿ ಆರಿಸಿದರು. ಎದುರಾಳಿ ರಿಪಬ್ಲಿಕನ್ ಪಕ್ಷದ ಜಾನ್ ಮೆಕೇನ್. ಅಲ್ಲಿ ಗೆಲುವು ತೀರ್ಮಾನ ಆಗುವುದು ರಾಜ್ಯವಾರು ಸಿಗುವ 538 ಎಲೆಕ್ಟೋರಲ್ ಮತಗಳಲ್ಲಿ. 270 ಬಂದರೆ ಸಾಕು. ಒಬಾಮಗೆ 365 ಬಂದವು, ಮೆಕೇನ್‌ಗೆ 173. ಅಮೆರಿಕ ಹುಟ್ಟಿದಾಗಿನಿಂದ ಅಲ್ಲಿಯವರೆಗೆ ಆಗಿದ್ದ ಅಧ್ಯಕ್ಷರೆಲ್ಲ ಬಿಳಿಯರೇ. ಕಪ್ಪು ಮನುಷ್ಯ ಒಬ್ಬರು ಆ ಕುರ್ಚಿಗೆ ಬಂದಿದ್ದು ಅದೇ ಮೊದಲು.

ನಿಮಗೆ ಹೇಗೆ ಗೊತ್ತಾಯ್ತು?

ಕ್ಯಾಂಟೀನಿನ ಟಿವಿಯಲ್ಲಿ. ರಾತ್ರಿ ಪಾಳಿಯವರಿಗೆ ಅಮೆರಿಕದ ಗಡಿಯಾರ ಬಾಯಿಪಾಠ ಇರುತ್ತದೆ. ಆ ವರ್ಷ ನವೆಂಬರ್ 2ಕ್ಕೆ ಅವರು ಗಡಿಯಾರ ಒಂದು ಗಂಟೆ ಹಿಂದೆ ಸರಿಸಿದ್ದರು. ಅಂದರೆ ನಮ್ಮ ಕ್ಯಾಬ್ ಕೂಡ ಒಂದು ಗಂಟೆ ತಡ. ನ್ಯೂಯಾರ್ಕಿಗೂ ನಮಗೂ ಹತ್ತೂವರೆ ಗಂಟೆ ವ್ಯತ್ಯಾಸ. ನಮ್ಮ ಪಾಳಿ ಮುಗಿದಿದ್ದು ಬೆಳಿಗ್ಗೆ ಏಳೂವರೆಗೆ. ಕ್ಯಾಬ್ ಕೆಳಗೆ ನಿಂತಿತ್ತು. ಯಾರೂ ಇಳಿಯಲಿಲ್ಲ. ಡ್ರೈವರ್ ಮೂರು ಸಲ ಫೋನ್ ಮಾಡಿ, ಕೊನೆಗೆ ಅವರೇ ಮೇಲೆ ಬಂದು ಇಡ್ಲಿ ತಟ್ಟೆ ಹಿಡಿದು ಕೂತರು.

ಎಂಟು ಗಂಟೆ ಹೊತ್ತಿಗೆ ಒಹಾಯೊ ಒಬಾಮ ಕಡೆ ಅಂತ ಬಂತು. ಲೆಕ್ಕ ಗೊತ್ತಿದ್ದವರು ಅಲ್ಲಿಗೇ ಮುಗೀತು ಅಂದರು. ಒಂಬತ್ತೂವರೆಗೆ ಸರಿಯಾಗಿ, ಅಂದರೆ ಕ್ಯಾಲಿಫೋರ್ನಿಯಾದಲ್ಲಿ ಮತಗಟ್ಟೆ ಮುಚ್ಚಿದ ಕ್ಷಣ, ಟಿವಿಯವರು ಗೆಲುವು ಸಾರಿದರು. ಷಿಕಾಗೊದ ಗ್ರ್ಯಾಂಟ್ ಪಾರ್ಕಿನಲ್ಲಿ ಎರಡು ಲಕ್ಷಕ್ಕೂ ಜಾಸ್ತಿ ಜನ. ಕ್ಯಾಮೆರಾ ಒಬ್ಬ ವಯಸ್ಸಾದವರ ಮುಖದ ಮೇಲೆ ನಿಂತಿತು. ಬೆರಳು ತುಟಿಯ ಮೇಲೆ, ಕೆನ್ನೆ ಪೂರ್ತಿ ಒದ್ದೆ. ಅದು ಕಪ್ಪು ಮುಖಂಡ ಜೆಸ್ಸಿ ಜಾಕ್ಸನ್. 1984ರಲ್ಲಿ, 1988ರಲ್ಲಿ ಇದೇ ಹುದ್ದೆಗೆ ಪ್ರಯತ್ನಿಸಿ, ಪಕ್ಷದ ಟಿಕೆಟ್ಟೇ ಸಿಗದೆ ವಾಪಸಾದವರು.

ನಮ್ಮ ಕ್ಯಾಂಟೀನಿನಲ್ಲಿ ಚಪ್ಪಾಳೆ ಬಿತ್ತು. ನಾನೂ ಹೊಡೆದೆ. ಯಾಕೆ ಹೊಡೆದೆ ಅಂತ ಆಗ ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ.

ಒಬ್ಬ ಮನುಷ್ಯ ಗೆದ್ದಿದ್ದಕ್ಕೆ ಅಷ್ಟೊಂದು ಜನ ಅತ್ತಿದ್ದು ಯಾಕೆ?

ಪುಸ್ತಕದ ಉತ್ತರ ಒಂದಿದೆ. ಗುಲಾಮಗಿರಿ ಕಾನೂನಿನಲ್ಲಿ ಕೊನೆಯಾಗಿದ್ದು 1865ರಲ್ಲಿ. ಕಪ್ಪು ಗಂಡಸರಿಗೆ ಮತದ ಹಕ್ಕು ಕಾಗದದ ಮೇಲೆ ಬಂದಿದ್ದು 1870ರಲ್ಲಿ. ಆದರೆ ದಕ್ಷಿಣದ ರಾಜ್ಯಗಳು ಮತದಾನಕ್ಕೆ ತೆರಿಗೆ ಹಾಕಿದವು, ಓದು ಬರಹದ ಪರೀಕ್ಷೆ ಇಟ್ಟವು. ಪರೀಕ್ಷೆ ಅಂದರೆ ನಿಜವಾದ ಪರೀಕ್ಷೆ ಅಲ್ಲ. ಒಂದು ಸೋಪಿನ ಬಿಲ್ಲೆಯಲ್ಲಿ ಎಷ್ಟು ಗುಳ್ಳೆ ಇವೆ ಹೇಳು, ಇಂಥ ಪ್ರಶ್ನೆಗಳು. 1965ರ ಮಾರ್ಚ್ 7ರಂದು ಅಲಬಾಮದ ಸೆಲ್ಮಾದಲ್ಲಿ ಮತದ ಹಕ್ಕು ಕೇಳಿ ಹೊರಟ ಮೆರವಣಿಗೆಯನ್ನು ಪೊಲೀಸರು ಸೇತುವೆ ದಾಟಿದ ಮೇಲೆ ಬಡಿದು ಹಾಕಿದರು. ಅದೇ ಆಗಸ್ಟಿನಲ್ಲಿ ಮತದಾನ ಹಕ್ಕಿನ ಕಾಯ್ದೆ ಬಂತು. ಅಂದರೆ 2008ಕ್ಕೆ ಅದು 43 ವರ್ಷದ ಹಿಂದಿನ ಮಾತು ಅಷ್ಟೇ. ಪರೀಕ್ಷೆಯಲ್ಲಿ ಫೇಲಾದವರು ಇನ್ನೂ ಬದುಕಿದ್ದರು.

ಇದು ನನಗೆ ತಲೆಗೆ ಹೋಗಿದ್ದು ಪುಸ್ತಕದಿಂದ ಅಲ್ಲ. ಮರುದಿನ ರಾತ್ರಿ ಅಲಬಾಮದಿಂದ ಒಂದು ಕಾಲ್ ಬಂತು. ವಯಸ್ಸಾದ ಹೆಂಗಸು. ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡಿದೆ. ಏನು ಪ್ರಿಂಟ್ ಮಾಡುತ್ತಿದ್ದೀರಿ ಅಂತ ಕೇಳುವುದು ನಮ್ಮ ಸ್ಕ್ರಿಪ್ಟಿನಲ್ಲೇ ಇತ್ತು. ಒಬಾಮ ಫೋಟೊ, ಅಂದರು. ಹಿಂದಿನ ಮುಚ್ಚಳ ತೆಗೆಯಿರಿ ಅಮ್ಮ, ಹಸಿರು ಹಿಡಿ ಕೆಳಗೆ ಒತ್ತಿ ಅಂತ ಹೇಳುತ್ತಿದ್ದೆ. ಅವರು ಹಿಡಿ ಒತ್ತುತ್ತಲೇ ಅಪ್ಪನ ಕಥೆ ಶುರು ಮಾಡಿದರು. ಅಪ್ಪ ಎರಡು ಸಲ ಮತದಾರರ ಪಟ್ಟಿಗೆ ಹೆಸರು ಸೇರಿಸಲು ಹೋಗಿದ್ದರಂತೆ. ಎರಡು ಸಲವೂ ಪರೀಕ್ಷೆಯಲ್ಲಿ ಫೇಲು. ಮೂರನೇ ಸಲ ಹೋಗಲಿಲ್ಲ, ಯಾಕೆಂದರೆ ಎರಡನೇ ಸಲ ಹೋದದ್ದಕ್ಕೇ ಹೊಲದ ಕೆಲಸ ಹೋಗಿತ್ತು. ಆಮೇಲೆ ಅವರು ಕೇಳಿದರು: ನೀನು ಯಾರಿಗೆ ಹಾಕಿದೆ ಮಗು?

ಪಾಳಿಯಲ್ಲಿ ನನ್ನ ಹೆಸರು ಸ್ಯಾಮ್. ಕೂತಿರುವ ಊರು ಹೇಳುವ ಹಾಗಿಲ್ಲ, ಅದು ನಿಯಮ. ನನಗೆ ಓಟಿಲ್ಲ ಅಂದೆ. ಆ ಕಡೆ ಒಂದು ಕ್ಷಣ ಸುಮ್ಮನಾದರು. ನನಗೆ ಓಟು ಯಾಕಿಲ್ಲ ಅಂತ ಅವರು ಏನು ಅಂದುಕೊಂಡರೋ ದೇವರಿಗೇ ಗೊತ್ತು. ಪರವಾಗಿಲ್ಲ ಮಗು, ಮುಂದಿನ ಸಲ ಹಾಕು ಅಂದರು.

ಒಂದು ಕಾಲ್‌ಗೆ ಎಂಟು ನಿಮಿಷದ ಮಿತಿ. ಅದು 22 ನಿಮಿಷ ಹೋಯಿತು. ಆ ತಿಂಗಳ ನನ್ನ ಕ್ವಾಲಿಟಿ ಸ್ಕೋರ್ ಕೆಳಗೆ ಬಿತ್ತು.

ಒಬಾಮ ಅರ್ಧ ಬಿಳಿಯರೇ ಅಲ್ವಾ? ಮತ್ತೆ ಕಪ್ಪು ಅಂತ ಯಾಕೆ ಹೇಳ್ತಾರೆ?

ಹೌದು. ತಂದೆ ಕೀನ್ಯಾದ ಲುವೊ ಬುಡಕಟ್ಟಿನವರು, ತಾಯಿ ಕಾನ್ಸಸ್ ರಾಜ್ಯದ ಬಿಳಿಯ ಹೆಂಗಸು. ಒಬಾಮ ಹುಟ್ಟಿದ್ದು 1961ರಲ್ಲಿ ಹವಾಯಿಯಲ್ಲಿ. ಆ ಹೊತ್ತಿಗೆ ಇಂಥ ಮದುವೆ ಬಹಳಷ್ಟು ರಾಜ್ಯಗಳಲ್ಲಿ ಅಪರಾಧ. 1967ರಲ್ಲಿ ಸುಪ್ರೀಂ ಕೋರ್ಟ್ ಆ ಕಾನೂನುಗಳನ್ನು ಹೊಡೆದುಹಾಕುವಾಗಲೂ 16 ರಾಜ್ಯಗಳಲ್ಲಿ ಅವು ಇದ್ದವು.

ಇನ್ನು ಕಪ್ಪು ಯಾಕೆ ಅಂದರೆ, ಅಮೆರಿಕದಲ್ಲಿ ಬಹಳ ಕಾಲ ನಡೆದುಬಂದ ಲೆಕ್ಕ ಹಾಗಿತ್ತು. ಒಂದು ಹನಿ ಕಪ್ಪು ರಕ್ತ ಇದ್ದರೆ ಕಪ್ಪು. ಗುಲಾಮ ಹೆಂಗಸಿನ ಮಗು ಯಜಮಾನನಿಗೇ ಹುಟ್ಟಿದ್ದರೂ ಗುಲಾಮನೇ ಆಗಿರಲಿ ಅನ್ನುವ ವ್ಯವಹಾರದ ಬುದ್ಧಿ ಇದರ ಹಿಂದೆ. ಇದನ್ನು ನಮ್ಮವರಿಗೆ ಬಿಡಿಸಿ ಹೇಳುವ ಕಷ್ಟವೇ ಇಲ್ಲ. ಮಗುವಿನ ಜಾತಿ ಯಾವುದು ಅಂತ ತೀರ್ಮಾನಿಸುವ ಕೆಲಸ ನಮಗೆ ಹೊಸದೇನಲ್ಲ. 2010ರ ಜನಗಣತಿಯಲ್ಲಿ ಒಬಾಮ ತಾವೇ ಕಪ್ಪು ಅನ್ನುವ ಮನೆಗೆ ಮಾತ್ರ ಗುರುತು ಹಾಕಿದರು. ಎರಡು ಮನೆಗೆ ಹಾಕುವ ಅವಕಾಶ ಇತ್ತು.

ಮುಸ್ಲಿಮ್ ಅಂತಾರಲ್ಲ?

ಅಲ್ಲ, ಕ್ರೈಸ್ತರು. ನಡುವಿನ ಹೆಸರು ಹುಸೇನ್. ಅಷ್ಟರ ಮೇಲೆ ವರ್ಷಗಟ್ಟಲೆ ಗಾಳಿಮಾತು ನಡೆಯಿತು.

ಬಿಳಿಯರೂ ಓಟು ಹಾಕಿದರು ತಾನೆ? ಅಂದರೆ ಜನಾಂಗಭೇದ ಮುಗಿಯಿತು ಅಂತಲೇ ಅಲ್ವಾ?

ದೂರದಿಂದ ನೋಡಿದ ನಾವೆಲ್ಲ ಹಾಗೇ ಅಂದುಕೊಂಡೆವು. ಕ್ಯಾಂಟೀನಿನಲ್ಲಿ ನಾನು ಈ ವಾಕ್ಯವನ್ನು ಹೆಚ್ಚುಕಡಿಮೆ ಇದೇ ಪದಗಳಲ್ಲಿ ಹೇಳಿದ್ದೆ.

ಮತಗಟ್ಟೆ ಸಮೀಕ್ಷೆಯ ಅಂಕಿ ನೋಡಿ. ಕಪ್ಪು ಮತದಾರರಲ್ಲಿ 95 ಶೇಕಡಾ ಒಬಾಮಗೆ. ಬಿಳಿಯರಲ್ಲಿ 43 ಶೇಕಡಾ. ಅಂದರೆ ಬಿಳಿಯರು ಮಾತ್ರ ಓಟು ಹಾಕಿದ್ದರೆ ಮೆಕೇನ್ ಆರಾಮಾಗಿ ಗೆಲ್ಲುತ್ತಿದ್ದರು. ಇದನ್ನು ನೋಡಿ ಒಬಾಮರನ್ನು ಬಿಳಿಯರು ಬಣ್ಣ ನೋಡಿ ಕೈಬಿಟ್ಟರು ಅಂತ ಹೊರಡುವುದೂ ತಪ್ಪು. 1964ರ ನಂತರ ಡೆಮಾಕ್ರಟ್ ಪಕ್ಷದ ಯಾವ ಅಭ್ಯರ್ಥಿಗೂ ಬಿಳಿಯರ ಬಹುಮತ ಬಂದಿಲ್ಲ. ನಾಲ್ಕು ವರ್ಷ ಮೊದಲು ನಿಂತಿದ್ದ ಬಿಳಿಯ ಜಾನ್ ಕೆರಿಗೆ ಬಂದಿದ್ದು 41. ಒಬಾಮಗೆ ಅದಕ್ಕಿಂತ ಎರಡು ಜಾಸ್ತಿಯೇ.

ಜೊತೆಗೆ ಸೆಪ್ಟೆಂಬರ್ 15ಕ್ಕೆ ಲೇಮನ್ ಬ್ರದರ್ಸ್ ಬ್ಯಾಂಕ್ ಮುಳುಗಿತ್ತು. ಇರಾಕ್ ಯುದ್ಧ ಮುಗಿಯುವ ಸೂಚನೆ ಇರಲಿಲ್ಲ. ಮೆಕೇನ್ ಪಕ್ಷದವರೇ ಆದ ಆಗಿನ ಅಧ್ಯಕ್ಷ ಬುಷ್ ಹೆಸರು ಕೇಳಿದರೆ ಅಲ್ಲಿಯ ಜನ ಮುಖ ಸಿಂಡರಿಸುತ್ತಿದ್ದರು. ಮನೆ ಸಾಲ ಕಟ್ಟಲಾಗದ ಮನುಷ್ಯ ಅಭ್ಯರ್ಥಿಯ ಬಣ್ಣಕ್ಕಿಂತ ಬ್ಯಾಂಕಿನ ನೋಟಿಸು ನೋಡಿ ಓಟು ಹಾಕುತ್ತಾನೆ. ಇದನ್ನು ಸಣ್ಣ ಮಾತು ಅಂತ ನಾನು ಹೇಳುವುದಿಲ್ಲ. ಬಣ್ಣ ಎರಡನೇ ಸ್ಥಾನಕ್ಕೆ ಇಳಿಯಿತು, ಅದೂ ಒಂದು ಸಂಗತಿಯೇ. 1964ರ ನಂತರ ಡೆಮಾಕ್ರಟರ ಕಡೆ ತಿರುಗದ ವರ್ಜೀನಿಯಾ ತಿರುಗಿತು. ಅಂತರ್ಯುದ್ಧದಲ್ಲಿ ಗುಲಾಮಗಿರಿ ಉಳಿಸಲು ಹೋರಾಡಿದವರ ರಾಜಧಾನಿ ಇದ್ದ ರಾಜ್ಯ ಅದು.

ಸೋತವರು ಏನಂದರು?

ಮೆಕೇನ್ ಭಾಷಣವನ್ನು ನಾನು ಇವತ್ತಿಗೂ ಮತ್ತೆ ಮತ್ತೆ ನೋಡುತ್ತೇನೆ. 1901ರಲ್ಲಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಅವರು ಬೂಕರ್ ಟಿ. ವಾಷಿಂಗ್ಟನ್ ಎಂಬ ಕಪ್ಪು ಮುಖಂಡರನ್ನು ಶ್ವೇತಭವನಕ್ಕೆ ಊಟಕ್ಕೆ ಕರೆದಿದ್ದರು. ಜೊತೆಯಲ್ಲಿ ಕೂತು ಉಂಡರು ಅಂತ ಅರ್ಧ ದೇಶ ಕಿಡಿಕಾರಿತ್ತು. ಸೋತ ರಾತ್ರಿ ಮೆಕೇನ್ ಅದನ್ನೇ ನೆನಪಿಸಿ, ಅಲ್ಲಿಂದ ಇಲ್ಲಿಗೆ ಬಂದಿದ್ದೇವೆ ನೋಡಿ ಎಂದರು. ಒಬಾಮ ಹೆಸರು ಬಂದಾಗ ಅವರ ಜನ ಕೂಗಾಡಿದರು, ಕೈಯೆತ್ತಿ ಸುಮ್ಮನಾಗಿಸಿದರು. ಸೋಲು ಒಪ್ಪಿಕೊಳ್ಳುವುದೂ ಒಂದು ಕಲೆ. ಈಗ ಅದು ಅಲ್ಲೂ ಅಪರೂಪ ಆಗಿದೆ.

ಬೇರೆ ದೇಶದವರು ಹೇಗೆ ತೆಗೆದುಕೊಂಡರು?

ಪ್ರತಿಯೊಂದು ದೇಶವೂ ತನ್ನ ಕನ್ನಡಿಯಲ್ಲೇ ನೋಡಿಕೊಂಡಿತು.

ಜಪಾನಿನಲ್ಲಿ ಫುಕುಯಿ ಪ್ರಾಂತ್ಯದ ಒಂದು ಊರಿನ ಹೆಸರೇ ಒಬಾಮ. ಆ ಮನುಷ್ಯನಿಗೂ ಈ ಊರಿಗೂ ಯಾವ ಸಂಬಂಧವೂ ಇಲ್ಲ. ಆದರೂ ಅಲ್ಲಿಯ ಹೆಂಗಸರು ಹವಾಯಿಯ ಹುಲಾ ಕುಣಿತ ಕಲಿತು ಟಿವಿ ಮುಂದೆ ಕುಣಿದರು. ಐರ್ಲೆಂಡಿನ ಮನಿಗಾಲ್ ಎಂಬ ಸಣ್ಣ ಹಳ್ಳಿಯವರು ಒಬಾಮ ತಾಯಿಯ ಕಡೆಯ ಮುತ್ತಜ್ಜಂದಿರಲ್ಲಿ ಒಬ್ಬ ನಮ್ಮೂರಿಂದ ಹೋದವನು ಅಂತ ಹಿಡಿದುಕೊಂಡರು. ಅದು ನಿಜವೇ. 2011ರಲ್ಲಿ ಒಬಾಮ ಅಲ್ಲಿಗೆ ಹೋಗಿ ಪಬ್‌ನಲ್ಲಿ ಬಿಯರ್ ಕುಡಿದು ಬಂದರು. ಜಕಾರ್ತದ ಮೆಂಟೆಂಗ್ ಶಾಲೆ, ಚಿಕ್ಕವರಿದ್ದಾಗ ಅವರು ಓದಿದ್ದು, ಒಂದೇ ದಿನದಲ್ಲಿ ಜಗತ್ಪ್ರಸಿದ್ಧ ಆಯಿತು.

ರಷ್ಯಾದ ಆಗಿನ ಅಧ್ಯಕ್ಷ ಮೆಡ್ವೆಡೆವ್ ಮರುದಿನವೇ ಪೋಲೆಂಡ್ ಪಕ್ಕದ ಕಲಿನಿನ್‌ಗ್ರಾಡ್‌ನಲ್ಲಿ ಕ್ಷಿಪಣಿ ಇಡುತ್ತೇವೆ ಅಂದರು. ಸ್ವಾಗತ ಕೋರುವ ರೀತಿ ಅದು! ಇಟಲಿಯ ಪ್ರಧಾನಿ ಬೆರ್ಲುಸ್ಕೋನಿ ಒಬಾಮರನ್ನು ಯುವಕ, ಸುಂದರ, ಜೊತೆಗೆ ಬಿಸಿಲಿಗೆ ಮೈ ಚೆನ್ನಾಗಿ ಕಾಯಿಸಿಕೊಂಡವ ಎಂದು ಹೊಗಳಿದರು. ಟೀಕೆ ಬಂದಾಗ, ಅದು ಹೊಗಳಿಕೆ, ಅರ್ಥವಾಗದವರಿಗೆ ಹಾಸ್ಯಪ್ರಜ್ಞೆ ಇಲ್ಲ ಅನ್ನುವ ಧಾಟಿಯಲ್ಲೇ ಸಮರ್ಥಿಸಿಕೊಂಡರು. ನಮ್ಮ ಮದುವೆ ಮನೆಗಳಲ್ಲಿ ಹುಡುಗಿ ಬಣ್ಣ ಸ್ವಲ್ಪ ಕಡಿಮೆ, ಆದರೆ ಲಕ್ಷಣವಾಗಿದ್ದಾಳೆ ಅನ್ನುವ ಅತ್ತೆಯಂದಿರು ಕೂಡ ಹೀಗೇ ವಾದಿಸುತ್ತಾರೆ.

ಕೀನ್ಯಾದಲ್ಲಿ ರಜೆ ಕೊಟ್ಟಿದ್ದು ನಿಜವಾ?

ನಿಜ. ಅಧ್ಯಕ್ಷ ಮ್ವಾಯಿ ಕಿಬಾಕಿ ನವೆಂಬರ್ 6ಕ್ಕೆ ದೇಶಕ್ಕೇ ರಜೆ ಸಾರಿದರು. ಒಬಾಮರ ತಂದೆಯ ಊರು ಕೊಗೆಲೊ, ವಿಕ್ಟೋರಿಯಾ ಸರೋವರದ ಕಡೆ. ಅಲ್ಲಿ ಅವರ ಮಲ ಅಜ್ಜಿ ಸಾರಾ ಇದ್ದರು. ಗೆಲುವಿನ ಬೆನ್ನಲ್ಲೇ ಆ ಹಳ್ಳಿಗೆ ಕರೆಂಟ್ ಕಂಬ ಬಂದವು. ಇದು ಓದಿದಾಗ ನಗು ಬಂತು. ಮಂತ್ರಿ ಬರುವ ಹಿಂದಿನ ರಾತ್ರಿ ರಸ್ತೆಗೆ ಡಾಂಬರು ಬೀಳುವುದು ನಮ್ಮಲ್ಲಿ ಮಾತ್ರ ಅಲ್ಲ.

ಆ ಸಂಭ್ರಮದ ಕೆಳಗೆ ಒಂದು ಗಾಯ ಇತ್ತು. 2007ರ ಡಿಸೆಂಬರ್ ಕೊನೆಯಲ್ಲಿ ಕೀನ್ಯಾದಲ್ಲೇ ಚುನಾವಣೆ ನಡೆದಿತ್ತು. ಲುವೊ ಸಮುದಾಯದ ರೈಲಾ ಒಡಿಂಗಾ ಸೋತರು ಅಂತ ಘೋಷಿಸಿದ ಮೇಲೆ ಗಲಭೆ ಹತ್ತಿಕೊಂಡು ಸಾವಿರಕ್ಕೂ ಹೆಚ್ಚು ಜನ ಸತ್ತರು. ಬುಡಕಟ್ಟು ನೋಡಿ ಕೊಂದರು. ಆಗ ಅಲ್ಲಿ ಓಡಾಡುತ್ತಿದ್ದ ಒಂದು ಜೋಕು: ಲುವೊ ಮನುಷ್ಯ ಕೀನ್ಯಾದ ಅಧ್ಯಕ್ಷ ಆಗುವ ಮೊದಲು ಅಮೆರಿಕದ ಅಧ್ಯಕ್ಷ ಆಗುತ್ತಾನೆ. ಹನ್ನೊಂದು ತಿಂಗಳಲ್ಲಿ ಜೋಕು ನಿಜ ಆಯಿತು. ರಜೆ ಕೊಟ್ಟ ಕಿಬಾಕಿ ಅದೇ ವಿವಾದದ ಚುನಾವಣೆ ಗೆದ್ದವರು.

ಕೊಗೆಲೊದವರ ಹಿಗ್ಗು ಅರ್ಥವಾಗಬೇಕಾದರೆ 2022ರ ಅಕ್ಟೋಬರ್ ನೆನಪಿಸಿಕೊಳ್ಳಿ. ರಿಷಿ ಸುನಕ್ ಬ್ರಿಟನ್ ಪ್ರಧಾನಿ ಆದಾಗ ನಮ್ಮವರು ಕರ್ನಾಟಕದ ಅಳಿಯ ಅಂತ ಕುಣಿದಾಡಲಿಲ್ಲವಾ? ಅವರು ಹುಟ್ಟಿದ್ದು ಸೌತಾಂಪ್ಟನ್‌ನಲ್ಲಿ, ಮೂಲ ಪಂಜಾಬು. ನಮಗೆ ಬೀಗರಾದರೆ ಸಾಕು.

ಭಾರತದಲ್ಲಿ ಅಷ್ಟು ಸಂಭ್ರಮ ಇತ್ತಾ?

ಇತ್ತು, ಆದರೆ ಅಳತೆಯಲ್ಲಿ. ಬೇರೆ ದೇಶಗಳಿಗೆ ಬೇಡವಾಗಿದ್ದ ಬುಷ್ ಭಾರತದ ಸರ್ಕಾರಕ್ಕೆ ಬೇಕಾದವರು. ಪರಮಾಣು ಒಪ್ಪಂದಕ್ಕೆ ಸಹಿ ಬಿದ್ದಿದ್ದು ಇದೇ 2008ರ ಅಕ್ಟೋಬರಿನಲ್ಲಿ. ಒಬಾಮ ಕಾಶ್ಮೀರದ ಬಗ್ಗೆ ಏನು ಹೇಳುತ್ತಾರೋ, ಹೊರಗುತ್ತಿಗೆ ಕೆಲಸಕ್ಕೆ ಏನು ಮಾಡುತ್ತಾರೋ ಅಂತ ಆತಂಕ. ಜೇಬಿನಲ್ಲಿ ಪುಟ್ಟ ಹನುಮಂತನನ್ನು ಇಟ್ಟುಕೊಳ್ಳುತ್ತಾರೆ ಅನ್ನುವ ಸುದ್ದಿಯಿಂದ ಕೆಲವರಿಗೆ ಸಮಾಧಾನ ಆಯಿತು. ಮೂರು ವಾರಕ್ಕೆ ಮುಂಬೈ ಮೇಲೆ ದಾಳಿ ಆಯಿತು. ಆಮೇಲೆ ಇಲ್ಲಿ ಯಾರೂ ಒಬಾಮ ಮಾತು ಆಡಲಿಲ್ಲ.

ಬೆಂಗಳೂರಿನ ಹೆಸರು ಹಿಡಿದು ಏನೋ ಹೇಳಿದ್ದರಲ್ಲ?

2009ರ ಮೇ ತಿಂಗಳಲ್ಲಿ. ನ್ಯೂಯಾರ್ಕ್ ರಾಜ್ಯದ ಬಫೆಲೊದಲ್ಲಿ ಕೆಲಸ ಕೊಡುವವರಿಗಿಂತ ಬೆಂಗಳೂರಿನಲ್ಲಿ ಕೆಲಸ ಕೊಡುವವರಿಗೆ ಕಡಿಮೆ ತೆರಿಗೆ ಹಾಕುವ ಕಾನೂನು ಸರಿಯಲ್ಲ ಎಂದರು. ನಮ್ಮ ಆಫೀಸಿನಲ್ಲಿ ಆರು ತಿಂಗಳ ಹಿಂದೆ ಚಪ್ಪಾಳೆ ಹೊಡೆದವರೇ ಬೈದರು. ನಾನೂ ಬೈದೆ. ನಮ್ಮ ಕೆಲಸ ಹೋಗಲಿಲ್ಲ, ತೆರಿಗೆಯೂ ಆಗ ಹಾಗೆ ಬದಲಾಗಲಿಲ್ಲ.

ಕನ್ನಡದಲ್ಲಿ ಬರೆಯುವಾಗ ಯಾವ ಪದ ಬಳಸಬೇಕು? ಕರಿಯ ಅನ್ನಬಹುದಾ?

ಈ ಪ್ರಶ್ನೆ ಕೇಳುವವರು ಕಡಿಮೆ, ಕೇಳಬೇಕಾದವರು ಜಾಸ್ತಿ.

ನಮ್ಮ ಹಳೆಯ ಪಠ್ಯಪುಸ್ತಕಗಳಲ್ಲಿ ನೀಗ್ರೋ ಅಂತ ಇತ್ತು. ಬೈಗುಳ ಅಂತ ಬರೆದದ್ದಲ್ಲ, ಇಂಗ್ಲಿಷಿನಲ್ಲಿ ಆಗ ಅದೇ ಪದ. ಅಮೆರಿಕದ 2010ರ ಜನಗಣತಿ ಫಾರಂನಲ್ಲೂ ಇನ್ನೂ ಇತ್ತು. ಈಗ ಬೇಡ. ಕೃಷ್ಣವರ್ಣೀಯ ಅನ್ನುವುದು ಪತ್ರಿಕೆಯ ಪದ, ಬಾಯಲ್ಲಿ ಯಾರೂ ಆಡುವುದಿಲ್ಲ. ಆಫ್ರಿಕನ್ ಅಮೆರಿಕನ್ ಸರಿ, ಆದರೆ ಉದ್ದ. ನಾನು ಕಪ್ಪು ಜನ, ಕಪ್ಪು ಸಮುದಾಯ ಅಂತ ಬರೆಯುತ್ತೇನೆ.

ಕರಿಯ ಪದದ್ದೇ ಕಥೆ ಬೇರೆ. ನಮ್ಮಲ್ಲಿ ಕರಿಯಪ್ಪ ಇದ್ದಾರೆ, ಕರಿಯಮ್ಮ ದೇವರು. ಮನೆಯಲ್ಲಿ ಮುದ್ದಿನ ಮಗನನ್ನೂ ಕರಿಯ ಅಂತ ಕರೆಯುತ್ತಾರೆ. ಹಾಗಾಗಿ ಅದು ಬೈಗುಳ ಅಲ್ಲ ಅಂತ ವಾದ. ಆದರೆ ಮುದ್ದಿಗೆ ಕರೆಯುವವರು ಯಾರು, ದಾರಿಯಲ್ಲಿ ಹೋಗುವವರನ್ನು ನೋಡಿ ಕೂಗುವವರು ಯಾರು? ಬೆಂಗಳೂರಿನಲ್ಲಿ ಓದುವ ನೈಜೀರಿಯಾದ ಹುಡುಗನಿಗೆ ಕನ್ನಡ ಬರದೇ ಇರಬಹುದು. ಧ್ವನಿ ಅರ್ಥವಾಗುತ್ತದೆ.

ಅಂದಹಾಗೆ, ಶ್ವೇತಭವನಕ್ಕೆ ಕಪ್ಪು ಮನುಷ್ಯ ಅನ್ನುವ ಚಮತ್ಕಾರವನ್ನು ಅವತ್ತು ಬಿಟ್ಟವರೇ ಇಲ್ಲ. ಆ ಭವನ ಕಟ್ಟುವಾಗ ಕಲ್ಲು ಹೊತ್ತವರಲ್ಲಿ ಗುಲಾಮರೂ ಇದ್ದರು. ಮಿಶೆಲ್ ಒಬಾಮ ಅವರ ಮುತ್ತಜ್ಜನ ಅಪ್ಪ ಸೌತ್ ಕ್ಯಾರೊಲಿನಾದ ಒಂದು ಭತ್ತದ ತೋಟದಲ್ಲಿ ಗುಲಾಮರಾಗಿದ್ದವರು.

ಅಮೆರಿಕದಲ್ಲಿರುವ ಕನ್ನಡಿಗರಿಗೆ ಇದರಲ್ಲಿ ಏನು ಸಂಬಂಧ? ಅವರು ಕಪ್ಪೂ ಅಲ್ಲ, ಬಿಳಿಯೂ ಅಲ್ಲ.

ಆ ವರ್ಷ ಅಮೆರಿಕದ ಕನ್ನಡ ಕೂಟಗಳ ಒಕ್ಕೂಟದ, ಅಂದರೆ ‘ಅಕ್ಕ’ದ, ಸಮ್ಮೇಳನ ನಡೆದಿದ್ದು ಒಬಾಮರ ಷಿಕಾಗೊದಲ್ಲೇ. ಸಾವಿರಾರು ಕನ್ನಡಿಗರು ರೇಷ್ಮೆ ಸೀರೆ ಉಟ್ಟು, ಬಿಸಿಬೇಳೆಬಾತ್ ಉಂಡು ಹೋದರು. ಅಷ್ಟು ಕನ್ನಡಿಗರು ಅಲ್ಲಿಗೆ ಹೋಗಲು ಸಾಧ್ಯ ಆಗಿದ್ದು ಹೇಗೆ? ಇದನ್ನು ನಮ್ಮವರು ಅಷ್ಟಾಗಿ ನೆನೆಯುವುದಿಲ್ಲ.

1923ರಲ್ಲಿ ಭಗತ್ ಸಿಂಗ್ ಥಿಂಡ್ ಎಂಬ ಪಂಜಾಬಿ, ನಾನು ಆರ್ಯ, ಆದ್ದರಿಂದ ಬಿಳಿಯ, ನನಗೆ ಪೌರತ್ವ ಸಲ್ಲಬೇಕು ಅಂತ ಅಮೆರಿಕದ ಸುಪ್ರೀಂ ಕೋರ್ಟಿನ ಮುಂದೆ ವಾದಿಸಿದರು. ಕೋರ್ಟು ಒಪ್ಪಲಿಲ್ಲ. ನಂತರ ದಶಕಗಳ ಕಾಲ ಭಾರತೀಯರಿಗೆ ಬಾಗಿಲು ಹೆಚ್ಚುಕಡಿಮೆ ಮುಚ್ಚಿಯೇ ಇತ್ತು. ಅದು ತೆರೆದಿದ್ದು 1965ರ ಅಕ್ಟೋಬರಿನಲ್ಲಿ, ಹೊಸ ವಲಸೆ ಕಾನೂನಿನಿಂದ. ಸೆಲ್ಮಾದಲ್ಲಿ ಏಟು ತಿಂದ ಅದೇ ವರ್ಷ. ಮತದಾನ ಕಾಯ್ದೆಗೆ ಸಹಿ ಹಾಕಿದ ಅದೇ ಅಧ್ಯಕ್ಷ ಲಿಂಡನ್ ಜಾನ್ಸನ್. ಬಣ್ಣ ನೋಡಿ ಮನುಷ್ಯರನ್ನು ವಿಂಗಡಿಸುವುದು ತಪ್ಪು ಅಂತ ಕಪ್ಪು ಜನ ಬೀದಿಯಲ್ಲಿ ನಿಂತು ಒಪ್ಪಿಸಿದ್ದರಿಂದಲೇ ದೇಶ ನೋಡಿ ವೀಸಾ ಕೊಡುವ ಹಳೇ ಕೋಟಾ ಕೂಡ ಬಿತ್ತು. ಮೈಸೂರಿನ ಇಂಜಿನಿಯರು, ಮಂಗಳೂರಿನ ಡಾಕ್ಟರು ಹೋಗಿದ್ದು ಆ ಬಾಗಿಲಿನಿಂದ.

ನನ್ನ ಸೋದರ ಸಂಬಂಧಿ ಒಬ್ಬರು ನ್ಯೂಜೆರ್ಸಿಯಲ್ಲಿದ್ದಾರೆ. ಒಬಾಮಗೆ ಓಟು ಹಾಕಿದ್ದೆ ಅಂತ ಹೆಮ್ಮೆಯಿಂದ ಹೇಳುತ್ತಾರೆ. ಮನೆ ಕೊಳ್ಳುವಾಗ ಆ ಏರಿಯಾ ಬೇಡ, ಅಲ್ಲಿ ಅವರು ಜಾಸ್ತಿ ಅಂದಿದ್ದನ್ನೂ ಅಷ್ಟೇ ಸಲೀಸಾಗಿ ಹೇಳಿದರು. ಒಂದೇ ಫೋನ್ ಕಾಲ್‌ನಲ್ಲಿ.

ಅವರ ಬಣ್ಣ, ನಮ್ಮ ಜಾತಿ. ಹೋಲಿಸೋದು ಸರಿಯಾ?

ಎರಡೂ ಒಂದೇ ಅಲ್ಲ. ಆದರೆ ಹೋಲಿಕೆ ನನ್ನ ತಲೆಯಿಂದ ಬಂದದ್ದೂ ಅಲ್ಲ. ಅಂಬೇಡ್ಕರ್ 1913ರಿಂದ ಮೂರು ವರ್ಷ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿದರು. ನ್ಯೂಯಾರ್ಕಿನಲ್ಲಿ ಕಪ್ಪು ಜನರ ಬಡಾವಣೆ ಅಂತ ಹೆಸರಾದ ಹಾರ್ಲೆಮ್ ಅಲ್ಲಿಂದ ನಡೆದು ಹೋಗುವಷ್ಟು ದೂರ. 1946ರಲ್ಲಿ ಅವರು ಕಪ್ಪು ಚಿಂತಕ ಡಬ್ಲ್ಯೂ. ಇ. ಬಿ. ದು ಬೋಯಿಸ್ ಅವರಿಗೆ ಪತ್ರ ಬರೆದು, ನಿಮ್ಮ ಜನರ ಸ್ಥಿತಿಗೂ ಅಸ್ಪೃಶ್ಯರ ಸ್ಥಿತಿಗೂ ಬಹಳ ಹೋಲಿಕೆ ಇದೆ ಎಂದಿದ್ದರು. 1972ರಲ್ಲಿ ಮುಂಬೈಯಲ್ಲಿ ಹುಟ್ಟಿದ ದಲಿತ್ ಪ್ಯಾಂಥರ್ಸ್ ಹೆಸರು ಅಮೆರಿಕದ ಬ್ಲ್ಯಾಕ್ ಪ್ಯಾಂಥರ್ಸ್‌ನಿಂದ ಬಂದದ್ದು. 1959ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಭಾರತಕ್ಕೆ ಬಂದಾಗ ಕೇರಳದ ಒಂದು ಶಾಲೆಯ ಮುಖ್ಯೋಪಾಧ್ಯಾಯರು, ಅಮೆರಿಕದಿಂದ ಬಂದ ನಮ್ಮಂತೆಯೇ ಅಸ್ಪೃಶ್ಯರೊಬ್ಬರು ಅಂತ ಮಕ್ಕಳಿಗೆ ಪರಿಚಯಿಸಿದರು. ಕಿಂಗ್‌ಗೆ ಮೊದಲು ಚುರುಕ್ ಅಂತಂತೆ. ಆಮೇಲೆ ಯೋಚಿಸಿ, ಹೌದು, ನಾನು ಅಸ್ಪೃಶ್ಯನೇ ಅಂದುಕೊಂಡರು. ಇದನ್ನು ಅವರೇ ನಂತರ ಒಂದು ಪ್ರವಚನದಲ್ಲಿ ಹೇಳಿದ್ದಾರೆ.

2008ರಲ್ಲಿ ಇಲ್ಲಿಯೂ ನಮ್ಮ ಒಬಾಮ ಯಾರು ಅನ್ನುವ ಚರ್ಚೆ ಜೋರಾಗಿತ್ತು. ಉತ್ತರ ಪ್ರದೇಶದಲ್ಲಿ ಮಾಯಾವತಿ ಮುಖ್ಯಮಂತ್ರಿ ಆಗಿದ್ದರು. ಕೆ. ಆರ್. ನಾರಾಯಣನ್ 1997ರಲ್ಲೇ ರಾಷ್ಟ್ರಪತಿ ಆಗಿಲ್ಲವೇ ಅಂತ ಕೆಲವರು ಕೇಳುತ್ತಿದ್ದರು. ಆಗಿದ್ದಾರೆ. ಆದರೆ ರಾಷ್ಟ್ರಪತಿಯನ್ನು ಆರಿಸುವುದು ಸಂಸದರು, ಶಾಸಕರು. ಊರಿನ ಮತಗಟ್ಟೆಯಲ್ಲಿ ಬಟನ್ ಒತ್ತುವ ನಿಮ್ಮ ಬೆರಳು, ನನ್ನ ಬೆರಳು ಅಲ್ಲ.

ನಿಮ್ಮ ಮನೆಯಲ್ಲಿ ಏನಂದರು?

ಇದನ್ನು ಕೇಳುವವಳು ನನ್ನ ಅಣ್ಣನ ಮಗಳು ಮಾತ್ರ. ಆದರೂ ಬರೆಯುತ್ತೇನೆ.

ನಮ್ಮೂರು ಯಲ್ಲಾಪುರ ತಾಲ್ಲೂಕು. ಅಡಿಕೆ ತೋಟ. ಆ ಕಡೆ ಸಿದ್ದಿ ಜನ ಇದ್ದಾರೆ. ಶತಮಾನಗಳ ಹಿಂದೆ ಆಫ್ರಿಕದಿಂದ ಬಂದವರ, ಬಹಳ ಮಂದಿ ಗುಲಾಮರಾಗಿ ಬಂದವರ ವಂಶ. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲೆಯ ಕಾಡಂಚಿನಲ್ಲಿ ಬದುಕು. ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ಪರಿಶಿಷ್ಟ ಪಂಗಡ ಅಂತ ಸರ್ಕಾರ ಒಪ್ಪಿದ್ದು 2003ರಲ್ಲಿ. ಅಮೆರಿಕದ ವಿಷಯಕ್ಕೆ ಕರ್ನಾಟಕವನ್ನು ಸುಮ್ನೆ ಎಳೆದು ತರುತ್ತೀರಿ ಅನ್ನುವವರಿಗೆ ನಾನು ಇಷ್ಟು ಹೇಳಿ ಸುಮ್ಮನಾಗುತ್ತೇನೆ.

ನವೆಂಬರ್ 5ರ ಮಧ್ಯಾಹ್ನ ನಿದ್ದೆಯಿಂದ ಎದ್ದು ಮನೆಗೆ ಫೋನ್ ಮಾಡಿದೆ. ಅಪ್ಪ ಹೇಳಿದರು: ನೋಡಿದೆ ಟಿವಿಯಲ್ಲಿ, ನಮ್ಮ ದೊಡ್ಡ ಸಿದ್ದಿ ಕೋಟು ಹಾಕಿದ ಹಾಗೇ ಇದ್ದಾನಲ್ಲೋ. ಅಪ್ಪ ಕೀಳಾಗಿ ಹೇಳಿದ್ದಲ್ಲ. ಖುಷಿಯಲ್ಲೇ ಹೇಳಿದ್ದು. ನಾನೂ ನಕ್ಕೆ.

ದೊಡ್ಡ ಸಿದ್ದಿ ಅಂದರೆ ನಾನು ಹುಟ್ಟುವ ಮೊದಲಿನಿಂದ ನಮ್ಮ ತೋಟಕ್ಕೆ ಕೆಲಸಕ್ಕೆ ಬರುತ್ತಿದ್ದವರು. ಮಳೆಗಾಲದಲ್ಲಿ ಹೊಳೆ ದಾಟಿಸಿ ನನ್ನನ್ನು ಶಾಲೆಗೆ ಹೊತ್ತು ಹೋದವರು. ಅವರ ಚಾ ಲೋಟ ನಮ್ಮ ಅಡಿಗೆಮನೆಯಲ್ಲಿ ಇರಲಿಲ್ಲ. ಹೊರಗೆ, ಕೊಟ್ಟಿಗೆಯ ಗೋಡೆಯ ಗೂಡಿನಲ್ಲಿ ಬೋರಲಾಗಿ ಇರುತ್ತಿತ್ತು. ತಳದಲ್ಲಿ ತಗ್ಗಿದ್ದ ಸ್ಟೀಲ್ ಲೋಟ. ಕುಡಿದು, ತಾವೇ ತೊಳೆದು, ಅಲ್ಲೇ ಬೋರಲು ಹಾಕುತ್ತಿದ್ದರು. ಅಮ್ಮ ಮೇಲಿನಿಂದ ಹೊಯ್ಯುತ್ತಿದ್ದಳು, ಪಾತ್ರೆಗೆ ಲೋಟ ತಾಗದ ಹಾಗೆ. ಎಷ್ಟು ಎತ್ತರದಿಂದ ಹೊಯ್ದರೂ ಒಂದು ಹನಿ ಚೆಲ್ಲುತ್ತಿರಲಿಲ್ಲ. ಅಷ್ಟು ವರ್ಷದ ಅಭ್ಯಾಸ.

ಅವರ ಹೆಸರು ನನಗೆ ಗೊತ್ತಾಗಿದ್ದು ಅದೇ 2008ರ ಮೇ ತಿಂಗಳಲ್ಲಿ. ನಮ್ಮ ವಿಧಾನಸಭೆ ಚುನಾವಣೆಗೆ ಓಟು ಹಾಕಲು ಊರಿಗೆ ಹೋಗಿದ್ದೆ. ಶಾಲೆಯ ಜಗಲಿಯಲ್ಲಿ ಮತದಾರರ ಪಟ್ಟಿ ಹಿಡಿದು ಕೂತಿದ್ದೆ. ಅವರು ಬಂದರು. ಹೆಸರು ಹುಡುಕಿ ಕೊಡಬೇಕಿತ್ತು. ಏನಂತ ಹುಡುಕಲಿ? ದೊಡ್ಡ ಸಿದ್ದಿ ಅಂತ ಪಟ್ಟಿಯಲ್ಲಿ ಇರುವುದಿಲ್ಲವಲ್ಲ. ನಿಮ್ಮ ಹೆಸರೇನು ಅಂತ ಕೇಳಿದೆ. ನನಗೆ ಆಗ 25 ವರ್ಷ. ಅವರು ನಾಚಿಕೊಂಡು ಹೇಳಿದರು. ಒಳ್ಳೆಯ ಹೆಸರು.

ಅಲಬಾಮದ ಹೆಂಗಸಿನ ಕಾಲ್ ಮುಗಿದ ಮೇಲೆ ನನಗೆ ನೆನಪಾಗಿದ್ದು ಆ ಜಗಲಿ.

ಲೋಟ ಈಗಲೂ ಅಲ್ಲೇ ಇದೆಯಾ?

ಇಲ್ಲ. ಕೊಟ್ಟಿಗೆಯೇ ಇಲ್ಲ. ಈಗ ಬರುವವರಿಗೆ ಪೇಪರ್ ಕಪ್. ಅದನ್ನು ಬದಲಾವಣೆ ಅನ್ನಬೇಕೋ ಏನೋ.

ಬೆಂಗಳೂರಿನಲ್ಲಿ ಆಫ್ರಿಕದ ವಿದ್ಯಾರ್ಥಿಗಳಿಗೆ ತೊಂದರೆ ಆಗಿದ್ದು ಯಾವಾಗ?

ಬಹಳ ಸುದ್ದಿಯಾಗಿದ್ದು 2016ರ ಜನವರಿ 31ರ ರಾತ್ರಿ. ಹೆಸರಘಟ್ಟದ ಕಡೆ ಸುಡಾನಿನ ವಿದ್ಯಾರ್ಥಿಯೊಬ್ಬನ ಕಾರು ಹೊಡೆದು ಒಬ್ಬ ಹೆಂಗಸು ಸತ್ತರು. ಸ್ವಲ್ಪ ಹೊತ್ತಿಗೆ ಅದೇ ದಾರಿಯಲ್ಲಿ ಟಾಂಜಾನಿಯಾದ ಹುಡುಗಿಯೊಬ್ಬಳ ಕಾರು ಬಂತು. ಗುಂಪು ಆಕೆಯನ್ನು ಎಳೆದು ಹೊಡೆಯಿತು, ಕಾರು ಸುಟ್ಟಿತು. ಸುಡಾನೇ ಬೇರೆ, ಟಾಂಜಾನಿಯಾವೇ ಬೇರೆ. ಆಕೆಗೂ ಅಪಘಾತಕ್ಕೂ ಸಂಬಂಧವೇ ಇರಲಿಲ್ಲ. ಬಣ್ಣ ಒಂದೇ ಇತ್ತು. ಆಗಲೂ ಶ್ವೇತಭವನದಲ್ಲಿದ್ದವರು ಒಬಾಮ. ನಮಗೆ ಅವರು ಬಹಳ ಇಷ್ಟ. ಹಿಂದಿನ ವರ್ಷವಷ್ಟೇ ಗಣರಾಜ್ಯೋತ್ಸವಕ್ಕೆ ಅತಿಥಿಯಾಗಿ ಕರೆದಿದ್ದೆವು.

ಗೆದ್ದ ಮೇಲೆ ಅಮೆರಿಕದಲ್ಲಿ ಏನು ಬದಲಾಯಿತು?

ವರ್ಷ ತುಂಬುವ ಮೊದಲೇ, 2009ರ ಜುಲೈನಲ್ಲಿ, ಹಾರ್ವರ್ಡ್‌ನ ಕಪ್ಪು ಪ್ರೊಫೆಸರ್ ಹೆನ್ರಿ ಲೂಯಿಸ್ ಗೇಟ್ಸ್ ತಮ್ಮದೇ ಮನೆಯ ಬಾಗಿಲು ತೆರೆಯಲು ಹೆಣಗಿ, ಕಳ್ಳ ಅನ್ನುವ ಅನುಮಾನಕ್ಕೆ ಸಿಕ್ಕಿ, ಪೊಲೀಸರೊಂದಿಗೆ ಮಾತಿಗೆ ಮಾತು ಬೆಳೆದು ಬಂಧನ ಆದರು. ಅಧ್ಯಕ್ಷರು ಪ್ರೊಫೆಸರನ್ನೂ ಆ ಪೊಲೀಸನನ್ನೂ ಕರೆದು ಬಿಯರ್ ಕುಡಿಸಿ ಸಮಾಧಾನ ಮಾಡಬೇಕಾಯಿತು. ನೀನು ಇಲ್ಲಿ ಹುಟ್ಟಿದವನೇ ಅಲ್ಲ ಅನ್ನುವ ಗುಲ್ಲು ನಿಲ್ಲದೆ, 2011ರ ಏಪ್ರಿಲಿನಲ್ಲಿ ದೇಶದ ಅಧ್ಯಕ್ಷ ತನ್ನ ಪೂರ್ತಿ ಜನನ ಪ್ರಮಾಣಪತ್ರ ತೋರಿಸಿದರು. ದಾಖಲೆ ತೋರಿಸು ಅನ್ನುವ ಮಾತು ಯಾರಿಗೆ ಹೇಳುತ್ತಾರೆ, ಯಾರಿಗೆ ಹೇಳುವುದಿಲ್ಲ ಅಂತ ಗಮನಿಸಿದ್ದೀರಾ?

2013ರಲ್ಲಿ ಸುಪ್ರೀಂ ಕೋರ್ಟ್ 1965ರ ಮತದಾನ ಕಾಯ್ದೆಯ ಮುಖ್ಯ ಹಲ್ಲೊಂದನ್ನು ಕಿತ್ತಿತು. 2014ರಲ್ಲಿ ಪೊಲೀಸರ ಗುಂಡಿಗೆ ಕಪ್ಪು ಯುವಕನೊಬ್ಬ ಸತ್ತ ಮೇಲೆ ಫರ್ಗ್ಯುಸನ್ ಊರು ಹೊತ್ತಿ ಉರಿಯಿತು. 2015ರ ಜೂನ್‌ನಲ್ಲಿ ಚಾರ್ಲ್ಸ್‌ಟನ್‌ನ ಚರ್ಚಿನಲ್ಲಿ ಪ್ರಾರ್ಥನೆಗೆ ಕೂತ ಒಂಬತ್ತು ಕಪ್ಪು ಜನರನ್ನು ಒಬ್ಬ ಬಿಳಿಯ ಹುಡುಗ ಗುಂಡಿಟ್ಟು ಕೊಂದ. ಆತ ಮೊದಲು ಅವರ ಜೊತೆ ಬೈಬಲ್ ಓದಲು ಕೂತಿದ್ದ.

ಹಾಗಾದರೆ ಏನೂ ಬದಲಾಗಲಿಲ್ಲವಾ ಅಂದರೆ, ಆಯಿತು. ಎಂಟು ವರ್ಷ ಆ ಮನೆಯಲ್ಲಿ ಇಬ್ಬರು ಕಪ್ಪು ಹೆಣ್ಣುಮಕ್ಕಳು ಬೆಳೆದರು. ಅಧ್ಯಕ್ಷ ಅಂದರೆ ಒಬಾಮ ಅಂತಲೇ ಅಂದುಕೊಂಡ ಒಂದು ತಲೆಮಾರು ಶಾಲೆ ಮುಗಿಸಿತು. ಅಂಕಿಯಲ್ಲಿ ಇದನ್ನು ಹಿಡಿಯಲು ಆಗುವುದಿಲ್ಲ, ನಾನು ಪ್ರಯತ್ನಿಸುವುದೂ ಇಲ್ಲ.

ಟ್ರಂಪ್ ಗೆದ್ದ ದಿನವೂ ಹಾಗೇ ಟಿವಿ ನೋಡಿದಿರಾ?

ಇಲ್ಲ. ಅದು 2016ರ ನವೆಂಬರ್ 9. ಹಿಂದಿನ ರಾತ್ರಿ ಎಂಟು ಗಂಟೆಗೆ ನಮ್ಮಲ್ಲಿ 500, 1000ದ ನೋಟು ರದ್ದಾಗಿತ್ತು. ಬ್ಯಾಂಕು ಮುಚ್ಚಿತ್ತು, ಎಟಿಎಂ ಮುಚ್ಚಿತ್ತು. ಜೇಬಿನಲ್ಲಿ 500ರ ಎರಡು ನೋಟು ಇಟ್ಟುಕೊಂಡು ಮಧ್ಯಾಹ್ನ ಒಂದು ಗಂಟೆಗೆ ಹಾಲಿನ ಅಂಗಡಿ ಮುಂದೆ ನಿಂತಿದ್ದೆ. ಅಂಗಡಿಯವರ ಮೊಬೈಲಿನಲ್ಲಿ ಸುದ್ದಿ ಬಂತು. ಟ್ರಂಪ್ ಗೆದ್ದನಂತೆ ಸಾರ್ ಅಂದರು. ಹೌದಾ ಅಂದೆ. ಹೌದು, ಚಿಲ್ಲರೆ ಇದ್ರೆ ಕೊಡಿ, ಇಲ್ಲಾಂದ್ರೆ ಹಾಲು ವಾಪಸ್ ಇಡಿ ಅಂದರು.